ನಾಟಕವೋ ನೋವೋ, ಡಾಕ್ಟರ್ ಹೇಳಲಿ

ಸಂಪಾದಕರೇ,

ಕೈದಿ ಎದೆನೋವು ಅಂದ ಕೂಡಲೇ 'ನಾಟಕ' ಅನ್ನುವವರೇ ಜಾಸ್ತಿ. ನಾಟಕ ಆಡುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೆಲಸ ತಪ್ಪಿಸಿಕೊಳ್ಳಲು, ನಿದ್ದೆ ಮಾತ್ರೆ ಗಿಟ್ಟಿಸಲು, ಆಸ್ಪತ್ರೆ ದಾರಿಯಲ್ಲಿ ಪರಾರಿಯಾಗಲು ಹೊಟ್ಟೆ ಹಿಡಿದುಕೊಂಡು ಹೊರಳಾಡುವವರನ್ನು ನೋಡಿ ನೋಡಿ ಜೈಲು ಸಿಬ್ಬಂದಿಗೆ ರೋಸಿಹೋಗಿರುತ್ತದೆ. ಆದರೆ ರಕ್ತದಲ್ಲಿ ಸಕ್ಕರೆ ಇಳಿದವನೂ ಕುಡಿದವನಂತೆ ತೊದಲುತ್ತಾನೆ, ಅಲ್ವಾ? ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 27ನೆಯದು ಹೇಳುವುದು ಇದನ್ನೇ: ಚಿಕಿತ್ಸೆಯ ತೀರ್ಮಾನ ವೈದ್ಯರು, ನರ್ಸ್‌ಗಳಂಥವರದು, ಕಾವಲಿನವರು ಅದನ್ನು ತಳ್ಳಿಹಾಕುವಂತಿಲ್ಲ. ಹತ್ತು ಸಲ ಸುಳ್ಳು ಹೇಳಿದವನಿಗೂ ಹನ್ನೊಂದನೇ ಸಲ ನಿಜವಾಗಿಯೇ ನೋವು ಬರಬಹುದು. ಕಾವಲಿನವರು ಕಂಡದ್ದನ್ನು ಹೊತ್ತಿನ ಸಮೇತ ಬರೆದಿಟ್ಟು ನರ್ಸ್‌ಗೆ ತಿಳಿಸಿದರೆ ಸಾಕು. ರಾತ್ರಿ ಪಾಳಿಯಲ್ಲಿ ನರ್ಸೇ ಇಲ್ಲದಿದ್ದರೆ? ಸುಮ್ನೆ ಕಾವಲಿನವರನ್ನು ಬೈಯುವ ಮೊದಲು ಅದಕ್ಕೆ ಮೇಲಿನವರು ಉತ್ತರ ಹೇಳಲಿ.

— ಒಬ್ಬ ಓದುಗ