ಸುಸ್ತಿಗೆ ವೈರಸ್ ಟೆಸ್ಟ್ ಯಾಕೆ?

ಮಾನ್ಯರೇ,

ನಮ್ಮಕ್ಕನಿಗೆ ವರ್ಷದಿಂದ ವಿಪರೀತ ಸುಸ್ತು. ಎರಡು ಬಿಂದಿಗೆ ನೀರು ತಂದರೆ ಮಾರನೇ ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ಇಲ್ಲಿನ ಲ್ಯಾಬ್ ಒಂದರಲ್ಲಿ ವೈರಸ್ ಟೆಸ್ಟ್‌ಗೆ ಸಾವಿರಾರು ರೂಪಾಯಿ ಕೇಳಿದರು. ಇಂಥ ಟೆಸ್ಟ್‌ನಲ್ಲಿ ಹುಡುಕುವ ಎಪ್‌ಸ್ಟೀನ್-ಬಾರ್ ವೈರಸ್ (ಜ್ವರ, ಗಂಟಲು ನೋವು, ಸುಸ್ತು ತರುವ ಸಾಮಾನ್ಯ ವೈರಸ್) ಹತ್ತರಲ್ಲಿ ಒಂಬತ್ತು ಜನ ದೊಡ್ಡವರಿಗೆ ಒಮ್ಮೆ ತಗುಲಿಯೇ ಇರುತ್ತದೆ, ಪಾಸಿಟಿವ್ ಬಂದರೆ ತಿಳಿಯುವುದೇನು? 2009ರಲ್ಲಿ ಅಮೆರಿಕದ ಸಂಶೋಧಕರು ಹೀಗೆ ತಿಂಗಳುಗಟ್ಟಲೆ ಸುಸ್ತು ಕಾಡುವ ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂಬ ಕಾಯಿಲೆಗೆ ಎಕ್ಸ್‌ಎಂಆರ್‌ವಿ ಎಂಬ ವೈರಸ್ ನಂಟಿದೆ ಎಂದರು, ಟೆಸ್ಟ್ ಮಾರಾಟವೂ ಶುರುವಾಯಿತು, ರೋಗಿಗಳು ಆಸೆಯಿಂದ ದುಡ್ಡು ಕೊಟ್ಟರು, ಆಮೇಲೆ ನೋಡಿದರೆ ಆ ವೈರಸ್ ಬಂದಿದ್ದು ಲ್ಯಾಬಿನ ಕಲಬೆರಕೆಯಿಂದ. 2011ರಲ್ಲಿ ‘ಸೈನ್ಸ್’ ಪತ್ರಿಕೆ ತಾನು ಪ್ರಕಟಿಸಿದ್ದ ಆ ಸಂಶೋಧನಾ ವರದಿಯನ್ನೇ ಹಿಂಪಡೆಯಿತು. ಈ ಸುಸ್ತಿನ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಥೈರಾಯ್ಡ್, ರಕ್ತಹೀನತೆ ಮೊದಲು ನೋಡಬೇಕು, ಅಲ್ವಾ? ಸುಮ್ನೆ ಸೋಮಾರಿತನ ಅನ್ನದೆ ರೋಗಿಯ ಮಾತು ಕೇಳುವ ವ್ಯವಸ್ಥೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಆಗಲಿ.

– ಓದುಗ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ