ಕೈ ಅಂದರೆ ಎಲ್ಲಿಂದ ಎಲ್ಲಿಗೆ? ಮಗಳಿಗೊಂದು ಪತ್ರ

ದಾವಣಗೆರೆ
ಭಾನುವಾರ, ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಬೆಳಿಗ್ಗೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ರೋಗಿಯ ರಟ್ಟೆಗೆ ಇಂಜೆಕ್ಷನ್ ಕೊಟ್ಟು ಕೇಸ್ ಶೀಟಿನಲ್ಲಿ ‘ಲೆಫ್ಟ್ ಹ್ಯಾಂಡ್’ ಎಂದು ಬರೆದೆಯಂತೆ, ಸಿಸ್ಟರ್ ಎಲ್ಲರೆದುರು ಬೈದರಂತೆ. ‘ಅಪ್ಪಾ, ಕೈ ಅಂದ್ರೆ ಹ್ಯಾಂಡ್ ಅಂತ ನೀವೇ ಅಲ್ವಾ ಕಲಿಸಿದ್ದು’ ಅಂದೆ. ಹೌದವ್ವ, ನಾನೇ ಕಲಿಸಿದ್ದು. ನಿನಗೊಬ್ಬಳಿಗೇ ಅಲ್ಲ, 26 ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆಲ್ಲ ಬೋರ್ಡಿನ ಮೇಲೆ ಹಾಗೇ ಬರೆಸಿದ್ದೇನೆ. ಆಗ ಫೋನಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ಯಾಕೆಂದು ಬರೆಯುತ್ತೇನೆ.

ನಮ್ಮ ‘ಕೈ’ ಹೆಗಲಿನಿಂದ ಬೆರಳ ತುದಿಯವರೆಗೂ ಉಂಟು. ಇಂಗ್ಲಿಷಿನ ಹ್ಯಾಂಡ್ ಮಣಿಕಟ್ಟಿಗೆ ಬಂದು ನಿಂತುಬಿಡುತ್ತದೆ, ಅಲ್ಲಿಂದ ಮೇಲೆ ಆರ್ಮ್. ನಿನ್ನ ಅನಾಟಮಿ ಪುಸ್ತಕ ಅದಕ್ಕಿಂತ ಬಿಗಿ: ಅಲ್ಲಿ ಆರ್ಮ್ ಅಂದರೆ ಹೆಗಲಿಂದ ಮೊಳಕೈವರೆಗೆ ಮಾತ್ರ, ಕೆಳಗಿನದು ಫೋರ್‌ಆರ್ಮ್. 27 ಮೂಳೆಗಳಿರುವ ಹ್ಯಾಂಡ್ ಶುರುವಾಗುವುದು ಅದೂ ಮುಗಿದ ಮೇಲೆ. ಕಾಲಿನದೂ ಇದೇ ಕಥೆ. ನಾವು ಸೊಂಟದ ಕೆಳಗಿನದನ್ನೆಲ್ಲ ಕಾಲು ಅಂದರೆ, ಆ ಪುಸ್ತಕಕ್ಕೆ ಲೆಗ್ ಎಂದರೆ ಮಂಡಿಯಿಂದ ಪಾದದ ಗಂಟಿನವರೆಗೆ ಅಷ್ಟೇ. ನಿನ್ನ ರೂಮಿನ ಕೇರಳದ ಹುಡುಗಿಯನ್ನು ಕೇಳಿ ನೋಡು. ಅವಳ ಮಲಯಾಳಂನಲ್ಲೂ ‘ಕೈ’ ಕೈಯೇ, ಅದೂ ಹೆಗಲವರೆಗೆ ಹೋಗುತ್ತದೆ. ಅವಳೂ ನಿನ್ನ ಹಾಗೇ ಬರೆದಿದ್ದರೆ ಆಶ್ಚರ್ಯವಿಲ್ಲ.

ಹಾಗಂತ ಕನ್ನಡಕ್ಕೆ ವಿಂಗಡಿಸಲು ಬರುವುದಿಲ್ಲ ಅಂದುಕೊಳ್ಳಬೇಡ. ರಟ್ಟೆ, ತೋಳು, ಮೊಳಕೈ, ಮುಂಗೈ, ಮಣಿಕಟ್ಟು, ಅಂಗೈ. ಇವೆಲ್ಲ ನಿನ್ನ ಅಜ್ಜಿಯ ಬಾಯಲ್ಲಿ ದಿನಾ ಆಡುತ್ತಿದ್ದ ಮಾತು. ಹೂವಿನವಳು ಮೊಳ ಹಾಕುವಾಗ ಮೊಳಕೈಯಿಂದಲೇ ಅಳೆಯುತ್ತಾಳಲ್ಲ, ಇಂಗ್ಲಿಷಿನ ಎಲ್ಬೋ ಒಳಗೂ ‘ಎಲ್’ ಎಂಬ ಹಳೆಯ ಅಳತೆ ಅಡಗಿದೆ, ಅದೂ ಮೊದಲಿಗೆ ಮುಂಗೈ ಉದ್ದದ್ದೇ. ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಹೆಸರುಗಳು ನಮ್ಮಲ್ಲಿ ಇವೆ ಪುಟ್ಟಿ. ನೋವು ಬಂದಾಗ ಮಾತ್ರ ಬಾಯಿಗೆ ಬರುವುದು ‘ಕೈ’ ಒಂದೇ.

ಈಗ ನಿನಗೆ ಹೇಳದೇ ಉಳಿಸಿಕೊಂಡಿದ್ದ ವಿಷಯ. ನಿನಗಾಗ ಎರಡು ವರ್ಷ. ಒಂದು ಸಂಜೆ ಅವ್ವ, ಅಂದರೆ ನಿನ್ನ ಅಜ್ಜಿ, ರೊಟ್ಟಿ ತಟ್ಟುತ್ತಿದ್ದವರು ಅರ್ಧಕ್ಕೆ ಎದ್ದು ಬಂದು ‘ಯಾಕೋ ಎಡಗೈ ಸೆಳಿತೈತಲೋ’ ಅಂದರು. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ಯೂಟಿಯಲ್ಲಿದ್ದ ಡಾಕ್ಟ್ರು ಉತ್ತರದ ಕಡೆಯವರು, ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಮೇಷ್ಟ್ರಾದ ನಾನೇ ದುಭಾಷಿ. ‘ಪೇನ್ ಇನ್ ದ ಲೆಫ್ಟ್ ಹ್ಯಾಂಡ್’ ಅಂದೆ. ಅವರು ಅವ್ವನ ಎಡ ಅಂಗೈ ತಿರುಗಿಸಿ ನೋಡಿದರು, ಬೆರಳುಗಳನ್ನು ಒಂದೊಂದಾಗಿ ಒತ್ತಿದರು, ಮುಷ್ಟಿ ಬಿಗಿಹಿಡಿಯಲು ಹೇಳಿದರು. ಉಗುರ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ದಿನಾ ರೊಟ್ಟಿ ತಟ್ಟುವ ಕೈ, ಉಳುಕಿರಬೇಕು ಎಂದು ಮುಲಾಮು ಬರೆದುಕೊಟ್ಟರು. ಅವರನ್ನು ದೂರಲಾರೆ, ನಾನು ಹೇಳಿದ ಜಾಗವನ್ನೇ ಅವರು ಪರೀಕ್ಷಿಸಿದ್ದು.

ಆ ಹೊತ್ತಿಗೆಲ್ಲ ಅವ್ವ ಬಲಗೈಯಲ್ಲಿ ಎಡಗಡೆಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು. ಸೆರಗಿನ ಮೇಲೆ ಐದು ಬೆರಳು ಒತ್ತಿ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೋಡಿದ್ದೆ, ನೋಡಿಯೂ ಹ್ಯಾಂಡ್ ಅಂದೆ.

ಮನೆಗೆ ಬಂದು, ಡಾಕ್ಟ್ರು ಹೇಳಿದ್ದಾರೆಂದು ಮಣಿಕಟ್ಟಿಗೆ ಮುಲಾಮು ತಿಕ್ಕಿಕೊಂಡು ಮಲಗಿದರು. ರಾತ್ರಿ ಎರಡರ ಹೊತ್ತಿಗೆ ಮೈಯೆಲ್ಲ ಬೆವರಿ, ಉಸಿರು ಸಿಗದೆ ಎದ್ದು ಕೂತರು. ಆಟೋದಲ್ಲಿ ಇನ್ನೊಂದು ಆಸ್ಪತ್ರೆಗೆ ಓಡಿದೆವು. ಇಸಿಜಿ ತೆಗೆದವರು ನನ್ನ ಮುಖ ನೋಡಿ, ‘ಸಂಜೆಯಿಂದ ಏನ್ ಮಾಡ್ತಿದ್ರಿ’ ಅಂದರು. ಹೃದಯಾಘಾತ. ಹೃದಯದ ನೋವಿನ ನರಗಳೂ ಎಡದೋಳಿನ ಒಳಮಗ್ಗುಲಿನ ನರಗಳೂ ಬೆನ್ನುಹುರಿಯ ಒಂದೇ ಭಾಗಕ್ಕೆ ಹೋಗಿ ಸೇರುವುದರಿಂದ, ಎದೆಯ ನೋವನ್ನು ಮಿದುಳು ತೋಳಿನದೆಂದು ತಿಳಿಯುತ್ತದಂತೆ. ಅದನ್ನು ನೀನು ಈಗ ನನಗಿಂತ ಚೆನ್ನಾಗಿ ಬಲ್ಲೆ. ಅಂದು ನಾನು ಆರ್ಮ್ ಅಂದಿದ್ದರೆ, ಅಥವಾ ಬಾಯಿ ಮುಚ್ಚಿಕೊಂಡು ಅವ್ವ ಹಿಡಿದಿದ್ದ ಜಾಗವನ್ನು ಬರೀ ತೋರಿಸಿದ್ದರೂ, ಇಸಿಜಿ ಸಂಜೆಯೇ ಆಗುತ್ತಿತ್ತು.

ಅಜ್ಜಿ ಉಳಿದರು. ಆದರೆ ನೀನು ಕಂಡ ಅಜ್ಜಿ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವ, ಕೊಡ ಎತ್ತಲಾಗದ ಅಜ್ಜಿ. ಅದಕ್ಕೆ ಮುಂಚಿನವರನ್ನು ನೀನು ನೋಡಲೇ ಇಲ್ಲ.

ನಿನ್ನ ವಾರ್ಡಿನಲ್ಲಿ ‘ಕೈ’ ನೂರು ವೇಷದಲ್ಲಿ ಬರುತ್ತದೆ. ‘ಕೈಲಾಗ್ತಿಲ್ಲ ಸಿಸ್ಟರ್’ ಅಂದರೆ ಕೈಗೇನೂ ಆಗಿಲ್ಲ, ಮೈಯಲ್ಲಿ ಶಕ್ತಿಯಿಲ್ಲ. ‘ಕೈಕಾಲು ಬಿದ್ದೋಗೈತಿ’ ಅಂದರೆ ಲಕ್ವ, ಯಾವ ಕಡೆ, ಯಾವಾಗಿಂದ ಎಂದು ತಕ್ಷಣ ಕೇಳು. ‘ಕೈಗೂಸು’ ಅಂದರೆ ಎದೆಹಾಲಿನ ಮಗು. ‘ಆ ಡಾಕ್ಟ್ರು ಕೈಬಿಟ್ರು’ ಎಂದವರ ಜೊತೆ ಎರಡು ನಿಮಿಷ ಹೆಚ್ಚು ನಿಲ್ಲು. ‘ಕೈ ಕೊಡು’ ಅನ್ನುವುದಂತೂ ಎರಡು ಭಾಷೆಯಲ್ಲಿ ಎರಡು ದಿಕ್ಕು. ಇಂಗ್ಲಿಷಿನವರು ಹ್ಯಾಂಡ್ ಕೊಟ್ಟರೆ ಸಹಾಯ, ನಮ್ಮವರು ಕೈಕೊಟ್ಟರೆ ಮೋಸ. ನಡುನೀರಿನಲ್ಲಿ ಬಿಟ್ಟುಹೋಗುವ ಮಾತು ಅದು. ಕನ್ನಡ ಕಲಿಯುತ್ತಿರುವ ನಿನ್ನ ಗೆಳತಿಗೆ ಇದನ್ನು ಮೊದಲೇ ಹೇಳಿಬಿಡು.

ಗಡಿಯಾರದ ಹ್ಯಾಂಡು ನಮಗೆ ಮುಳ್ಳು, ಬಾಳೆಗೊನೆಯ ಹ್ಯಾಂಡು ನಮಗೆ ಚಿಪ್ಪು, ಕುದುರೆಯ ಎತ್ತರ ಅಳೆಯುವ ಹ್ಯಾಂಡು ನಾಲ್ಕು ಇಂಚು. ಇವನ್ನೆಲ್ಲ ನಿಧಾನವಾಗಿ ಕಲಿತರಾಯಿತು. ಒಂದು ಅರ್ಥ ಮಾತ್ರ ನನಗೆ ಎಂದೂ ಹಿಡಿಸಿಲ್ಲ. ನಿನ್ನ ಅಜ್ಜ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ತಂದವರು ಅಂಥವರು. ಇಂಗ್ಲಿಷಿನಲ್ಲಿ ಅವರನ್ನು ‘ಮಿಲ್ ಹ್ಯಾಂಡ್’ ಅನ್ನುತ್ತಾರೆ. ನಮ್ಮಲ್ಲೂ ಕೈಯಾಳು ಅನ್ನುವುದುಂಟು, ಆದರೆ ಅದರಲ್ಲಿ ಕೈಯ ಜೊತೆ ಆಳಾದರೂ ಉಳಿದಿದ್ದಾನೆ.

ಸರ್ಜನ್ ಎಂಬ ಮಾತನ್ನು ಹಿಂದಕ್ಕೆ ಬೆನ್ನಟ್ಟಿ ಹೋದರೆ ಗ್ರೀಕಿನಲ್ಲಿ ಸಿಗುವುದು ಕೈ ಮತ್ತು ಕೆಲಸ ಎಂಬ ಎರಡು ಪದ. ಕೈಕೆಲಸದವನು ಅಂತ. ನಮ್ಮ ಜನ ಒಳ್ಳೆಯ ಡಾಕ್ಟ್ರಿಗೆ, ಸೂಲಗಿತ್ತಿಗೆ ‘ಕೈಗುಣ ಚಲೋ ಐತಿ’ ಅನ್ನುತ್ತಾರಲ್ಲ, ಅದು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಎಂದು ನನಗನ್ನಿಸುತ್ತದೆ. ನಿನ್ನ ಬಗ್ಗೆ ಯಾರಾದರೂ ಹಾಗಂದರೆ ಆ ದಿನವೇ ನನಗೆ ಫೋನ್ ಮಾಡು.

ನಾಳೆ ಆ ಸಿಸ್ಟರ್ ಬಳಿ ಹೋಗಿ ತಪ್ಪು ಒಪ್ಪಿಕೋ, ಬೇಸರ ಇಟ್ಟುಕೊಳ್ಳಬೇಡ. ರಟ್ಟೆಗೆ ಕೊಟ್ಟ ಇಂಜೆಕ್ಷನ್ ಆರ್ಮ್, ಅಂಗೈ ಹಿಂಬದಿಗೆ ಚುಚ್ಚುವ ಡ್ರಿಪ್ಪಿನ ಸೂಜಿಯೇ ಹ್ಯಾಂಡ್. ಯಾರೇ ಕೈನೋವು ಅಂತ ಬರಲಿ, ಬರೆಯುವ ಮುಂಚೆ ‘ಎಲ್ಲಿ, ಮುಟ್ಟಿ ತೋರ್ಸಿ’ ಅನ್ನು. ಆಮೇಲೆ ಅವರ ಇನ್ನೊಂದು ಕೈ ಎಲ್ಲಿಗೆ ಹೋಗುತ್ತದೆ, ನೋಡುತ್ತಿರು. ಜೂನ್‌ನಲ್ಲಿ ಶಾಲೆ ತೆರೆದಾಗ ನಾನೂ ಬೋರ್ಡಿನ ಮೇಲೆ ಒಂದು ಇಡೀ ತೋಳಿನ ಚಿತ್ರ ಬರೆದೇ ಈ ಪಾಠ ಶುರು ಮಾಡುತ್ತೇನೆ.

ಅಮ್ಮ ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ ಕಟ್ಟಿಟ್ಟಿದ್ದಾಳೆ. ಬುಧವಾರದ ಬಸ್ಸಿಗೆ ಹಾಕುತ್ತೇನೆ. ಮಂಗಳೂರಿನ ಮಳೆಗೆ ರೊಟ್ಟಿ ಮೆತ್ತಗಾಗುತ್ತವೆ, ಡಬ್ಬಿ ಬಿಗಿಯಾಗಿ ಮುಚ್ಚಿಡು.

ಇಂತಿ ನಿನ್ನ
ಅಪ್ಪ