ಅವೆನ್ಯೂ ರಸ್ತೆಯ ಆ ಯಜಮಾನರಿಗೆ

ಸರ್, ನಿಮ್ಮ ಹೆಸರು ಕೇಳಲೇ ಇಲ್ಲ. ಕೇಳೋಣ ಅನ್ನುವಷ್ಟರಲ್ಲಿ ನೀವು ಚಿಕ್ಕಪೇಟೆ ಕಡೆ ತಿರುಗಿಬಿಟ್ಟಿದ್ದಿರಿ. ಹಾಗಾಗಿ ಇಲ್ಲಿಂದಲೇ ಥ್ಯಾಂಕ್ಸ್.

ಕಳೆದ ಶನಿವಾರ ಸಂಜೆ. ಮಗಳ ಶಾಲೆಗೆಂದು ಹಳೇ ಪುಸ್ತಕ ಕೊಂಡು ರಟ್ಟಿನ ಪೆಟ್ಟಿಗೆಗೆ ತುಂಬಿಸಿದ್ದೆ. ಮಳೆಗೆ ಪೆಟ್ಟಿಗೆಯ ತಳ ನೆನೆದು ಕಳಚಿಕೊಂಡಿತು. ಕಥೆ ಪುಸ್ತಕ, ಗಾದೆ ಪುಸ್ತಕ, ಒಂದು ಹರಿದ ಅಟ್ಲಾಸ್, ಎಲ್ಲಾ ಫುಟ್‌ಪಾತ್ ಮೇಲೆ. ಜನ ಸುಮ್ನೆ ದಾಟಿಕೊಂಡು ಹೋದರು. ನೀವು ಪಂಚೆ ಎತ್ತಿ ಕಟ್ಟಿ ಕೂತೇಬಿಟ್ಟಿರಿ. ಒಂದೊಂದನ್ನೇ ತೋಳಿಗೆ ಒರೆಸಿ ನಿಮ್ಮ ಚೀಲಕ್ಕೆ ತುಂಬಿದಿರಿ. ಅದರಲ್ಲಿದ್ದ ದಂಟಿನ ಸೊಪ್ಪು ನಿಮ್ಮ ಕಂಕುಳಿಗೆ ಹೋಯಿತು.

"ಯಾವ ಶಾಲೆಗಮ್ಮಾ?" ಅಂದಿರಿ. ಸರ್ಕಾರಿ ಶಾಲೆ ಅಂದೆ, ಸ್ವಲ್ಪ ಅಳುಕುತ್ತಲೇ. ನೆಂಟರ ಕೊಂಕು ಕೇಳಿ ಕೇಳಿ ಹಾಗಾಗಿದೆ. ನಿಮ್ಮ ಮುಖ ಅರಳಿತು. ಅನಂತಮೂರ್ತಿಯವರು ಹೇಳುತ್ತಿದ್ದುದೂ ಇದೇ ಅಲ್ವಾ, ಬಡವರ ಮಕ್ಕಳು ಉಳ್ಳವರ ಮಕ್ಕಳು ಪಕ್ಕಪಕ್ಕ ಕೂತು ಓದುವ ಸಮಾನ ಶಾಲೆ ಬೇಕು ಅಂತ, ಎಂದಿರಿ. ಜ್ಞಾನಪೀಠ ಪಡೆದವರು, ಸ್ವತಃ ಇಂಗ್ಲಿಷ್ ಮೇಷ್ಟ್ರು, ಇದನ್ನು ಬಿಡದೆ ಹೇಳಿದರಲ್ಲ, ಅದು ನನಗೆ ಅವರ ಕಥೆಗಳಿಗಿಂತ ಜಾಸ್ತಿ ಇಷ್ಟ. ದೇವನೂರ ಮಹಾದೇವ ಅವರು 2010ರಲ್ಲಿ ನೃಪತುಂಗ ಪ್ರಶಸ್ತಿ ಬೇಡ ಎಂದದ್ದೂ ಶಾಲೆಯಲ್ಲಿ ಕನ್ನಡದ ಪಾಡು ನೋಡಿಯೇ.

ಸರ್, ನಿಮ್ಮ ಚೀಲ ಈಗ ನಾಲ್ಕನೇ ಕ್ಲಾಸಿನ ಕಿಟಕಿ ಸರಳಿಗೆ ನೇತಾಡುತ್ತಿದೆ. ಮಕ್ಕಳು ಅದರಿಂದಲೇ ಪುಸ್ತಕ ಎತ್ತಿಕೊಳ್ಳುತ್ತಾರೆ. ಅಟ್ಲಾಸಿಗೆ ಮಾತ್ರ ಇನ್ನೂ ಸೊಪ್ಪಿನ ವಾಸನೆ.